ಚಿಪ್ಪುಹಂದಿ ಯಾರ ನೆಂಟ?

ಪ್ರಶ್ನೆ: ಮೊನ್ನೆ ರಾತ್ರಿ ನಮ್ಮ ಅಡಿಕೆ ತೋಟದ ಬರೆಯ ಬದಿಯಲ್ಲಿ ಚಿಪ್ಪುಹಂದಿ ಕಾಣಿಸಿತು. ಟಾರ್ಚ್ ಹಾಕಿದ್ದೇ ತಡ, ಸುರುಟಿಕೊಂಡು ಉಂಡೆಯಾಯಿತು. ಅದು ಉಡದ ಜಾತಿ, ಮಾಟೆಯೊಳಗೆ ಮೊಟ್ಟೆ ಇಡುತ್ತದೆ ಅಂತಾರೆ ಪಕ್ಕದ ಮನೆಯವರು. ಮಗಳ ಪುಸ್ತಕದಲ್ಲಿ ಸಸ್ತನಿ ಅಂತ ಇದೆ. ಯಾವುದು ಸರಿ?
– ಕೃಷಿಕರೊಬ್ಬರು, ಮುಳ್ಳೇರಿಯ

ಉತ್ತರ: ಪುಸ್ತಕವೇ ಸರಿ. ಮೊಟ್ಟೆ ಇಡುವ ಸಸ್ತನಿಗಳು ಇರುವುದು ಆಸ್ಟ್ರೇಲಿಯಾ, ನ್ಯೂಗಿನಿಯ ಕಡೆ ಮಾತ್ರ: ಪ್ಲಾಟಿಪಸ್ ಮತ್ತು ಎಕಿಡ್ನಾ. ನಮ್ಮ ಚಿಪ್ಪುಹಂದಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಹಾಲು ಕುಡಿಸಿ ಸಾಕುತ್ತದೆ. ಸ್ವಲ್ಪ ಬಲಿತ ಮರಿ ತಾಯಿಯ ಬಾಲದ ಬುಡ ಹಿಡಿದುಕೊಂಡು ಸವಾರಿ ಹೋಗುತ್ತದೆ. ಮೈಮೇಲಿನ ಚಿಪ್ಪು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನದ್ದೇ. ಹೊಟ್ಟೆಯ ಕಡೆ ಚಿಪ್ಪಿಲ್ಲ, ಅಲ್ಲೊಂದು ಇಲ್ಲೊಂದು ಕೂದಲಿದೆ. ಕೂದಲೂ ಇದೆ, ಹಾಲೂ ಇದೆ ಅಂದಮೇಲೆ ಉಡದ ಮಾತು ಬೇಡ ಅಲ್ವಾ?

ಯಾರ ನೆಂಟ ಅನ್ನುವುದು ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಉದ್ದ, ಊಟ ಇರುವೆ ಮತ್ತು ಗೆದ್ದಲು. ದಕ್ಷಿಣ ಅಮೆರಿಕದ ಇರುವೆಭಕ್ಷಕವೂ ಹೀಗೇ ಇದೆ. ಹಾಗಾಗಿ ಹಿಂದಿನವರು ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಡಿಎನ್‌ಎ ಪರೀಕ್ಷೆ ಬಂದಮೇಲೆ ಆ ಲೆಕ್ಕ ತಲೆಕೆಳಗಾಯಿತು. ಚಿಪ್ಪುಹಂದಿಗೆ ತೀರಾ ಹತ್ತಿರದವು ನಾಯಿ, ಬೆಕ್ಕು, ಚಿರತೆಗಳಂತೆ! ಇರುವೆಭಕ್ಷಕ ದೂರದ ಬೇರೆ ಮನೆತನ. ತಿನ್ನುವುದು ಒಂದೇ ಆದದ್ದರಿಂದ ಎರಡಕ್ಕೂ ಬೇರೆ ಬೇರೆಯಾಗಿ ಒಂದೇ ಥರದ ರೂಪ ಬಂತು, ಅಷ್ಟೆ.

ಹೆಚ್ಚು ಕಾಲದ ಜರಾಯು (ಮಾಸು) ಇರುವ ಸಸ್ತನಿಗಳನ್ನು ಈಗ ನಾಲ್ಕು ದೊಡ್ಡ ಬಳಗಗಳಾಗಿ ನೋಡುತ್ತಾರೆ. 2001ರಲ್ಲಿ ಬಂದ ಡಿಎನ್‌ಎ ಅಧ್ಯಯನಗಳಿಂದ ಈ ಚಿತ್ರ ಗಟ್ಟಿಯಾಯಿತು. ಒಂದು ಆಫ್ರಿಕಾ ಮೂಲದ್ದು. ಕಾರಡ್ಕ, ದೇಲಂಪಾಡಿ ಕಡೆ ತೋಟಕ್ಕಿಳಿದು ಬಾಳೆ ಮುರಿಯುವ ಆನೆ ಇದರದ್ದೇ. ಕಡಲಹಸುವೂ ಆನೆಯ ನೆಂಟ. ಇನ್ನೊಂದು ದಕ್ಷಿಣ ಅಮೆರಿಕದ್ದು, ಇರುವೆಭಕ್ಷಕದ ಬಳಗ. ಅದರವು ನಮ್ಮಲ್ಲಿ ಒಂದೂ ಇಲ್ಲ. ಮೂರನೆಯದರಲ್ಲಿ ದನ, ಕಾಡುಹಂದಿ, ನಾಯಿ, ಚಿಪ್ಪುಹಂದಿ, ಕಡಲಿನ ಡಾಲ್ಫಿನ್, ಹಣ್ಣಡಿಕೆ ಚೀಪಿ ಅಂಗಳಕ್ಕೆ ಉದುರಿಸುವ ಬಾವಲಿ ಎಲ್ಲವೂ ಬರುತ್ತವೆ. ನಾಲ್ಕನೆಯದು ನಮ್ಮದು. ಮಂಗ, ಕಾಡುಪಾಪ ನಮ್ಮ ಜೊತೆಗಿರುವುದು ಸರಿಯೇ. ಇಲಿ, ಅಳಿಲು, ಮುಳ್ಳುಹಂದಿ, ಮೊಲವೂ ಇಲ್ಲೇ ಇವೆ.

ಅಂದರೆ ಹಟ್ಟಿಯ ದನಕ್ಕಿಂತ ಅಟ್ಟದ ಇಲಿ ನಮಗೆ ಹತ್ತಿರ. ಕೇಳಲು ಇಷ್ಟವಾಗುವುದಿಲ್ಲ, ಆದರೆ ನಿಜ. ರಾತ್ರಿ ಅಡುಗೆಮನೆ ಗೋಡೆಯ ಬುಡದಲ್ಲಿ ಕಿಚ್ ಕಿಚ್ ಅನ್ನುತ್ತಾ ಓಡುವ ಸೊಂಡಿಲಿ ಇದೆಯಲ್ಲ, ನಾತ ಬರುವುದು? ಅದು ಇಲಿಯೇ ಅಲ್ಲ. ಮೂರನೇ ಬಳಗದ್ದು, ಇಲಿಗಿಂತ ದನಕ್ಕೆ ಹತ್ತಿರ. ಹುಳು, ಜಿರಳೆ ತಿನ್ನುತ್ತದೆ. ಸುಮ್ನೆ ಬಿಟ್ಟುಬಿಡಿ.

ಚಿಪ್ಪುಹಂದಿಯನ್ನೂ ಹಾಗೆಯೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿರುವ ಪ್ರಾಣಿ ಅದು. ಹಿಡಿದರೂ ಚಿಪ್ಪು ಮಾರಿದರೂ ಜೈಲು. ಬಾವಿಗೆ ಬಿದ್ದಿದ್ದರೆ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಪ್ರಶ್ನೆ: ನಮ್ಮಲ್ಲಿ ಕಾಸರಗೋಡು ಗಿಡ್ಡ ತಳಿಯ ದನ ಇದೆ. ಮಾಸು ಬೀಳುವವರೆಗೆ ಕರುವಿಗೆ ಗಿಣ್ಣುಹಾಲು ಕೊಡಬಾರದು ಅಂತಾರೆ ಅತ್ತೆ. ಮನುಷ್ಯರ ಮಾಸಿಗೂ ದನದ್ದಕ್ಕೂ ವ್ಯತ್ಯಾಸ ಇದೆಯಾ?
– ಓದುಗರೊಬ್ಬರು, ಬೇಳ

ಉತ್ತರ: ಅತ್ತೆಯವರ ಮಾತು ತುಂಬಾ ಮನೆಗಳಲ್ಲಿದೆ. ಆದರೆ ಕಾಯಬೇಡಿ. ಕರು ಎದ್ದು ನಿಲ್ಲುತ್ತಿದ್ದಂತೆ, ಸಾಧ್ಯವಾದಷ್ಟು ಮಟ್ಟಿಗೆ ಎರಡು ಗಂಟೆಯೊಳಗೆ ಕುಡಿಸಿ. ಕಾರಣ ಮಾಸಿನಲ್ಲೇ ಇದೆ.

ನಮ್ಮಲ್ಲಿ ಮಾಸು ದುಂಡಗೆ, ಚಪ್ಪಟೆಯಾಗಿ ಒಂದೇ ಇರುತ್ತದೆ. ಅದರ ಎಳೆಗಳು ನೇರ ತಾಯಿಯ ರಕ್ತದಲ್ಲೇ ಅದ್ದಿರುತ್ತವೆ. ಹಾಗಾಗಿ ರೋಗ ತಡೆಯುವ ಪ್ರತಿಕಾಯಗಳು ಹುಟ್ಟುವ ಮೊದಲೇ ಮಗುವಿಗೆ ಸಿಗುತ್ತವೆ. ದನದ ಮಾಸು ಗರ್ಭಕೋಶಕ್ಕೆ ಅಲ್ಲಲ್ಲಿ ಗುಂಡಿ ಹಾಕಿದ ಹಾಗೆ ಅಂಟಿಕೊಂಡಿರುತ್ತದೆ. ಬಿದ್ದ ಮಾಸನ್ನು ನೋಡಿದರೆ ಆ ಕೆಂಪು ಗಂಟುಗಳು ಎದ್ದು ಕಾಣುತ್ತವೆ. ಅಲ್ಲಿ ತಾಯಿ, ಮರಿಗಳ ರಕ್ತದ ನಡುವೆ ಪದರ ಜಾಸ್ತಿ. ಆಹಾರ ದಾಟುತ್ತದೆ, ಪ್ರತಿಕಾಯ ದಾಟುವುದಿಲ್ಲ. ಕರು ಹುಟ್ಟುವಾಗ ಬರಿಗೈ. ಅದಕ್ಕೆ ಬೇಕಾದ್ದೆಲ್ಲ ಗಿಣ್ಣಿನಲ್ಲಿದೆ. ಕರುಳು ಅದನ್ನು ಹಾಗೇ ಹೀರಿಕೊಳ್ಳುವುದು ಸುಮಾರು ಒಂದು ದಿನ ಮಾತ್ರ, ಗಂಟೆ ಕಳೆದಂತೆ ಆ ಶಕ್ತಿ ಇಳಿಯುತ್ತಾ ಹೋಗುತ್ತದೆ. ಮನೆಯವರಿಗೆ ಗಿಣ್ಣು ಮಾಡುವುದು ಕರುವಿನ ಹೊಟ್ಟೆ ತುಂಬಿದ ಮೇಲೆ.

ಇನ್ನೊಂದು ಲಾಭವೂ ಇದೆ. ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಗರ್ಭಕೋಶ ಹಿಂಡುತ್ತದೆ, ಮಾಸು ಬೀಳಲು ಅದೇ ಸಹಾಯ. ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಯಿರಿ. ಕೈಹಾಕಿ ಎಳೆಯಬೇಡಿ, ಕಲ್ಲು ಕಟ್ಟಲೂಬೇಡಿ.

ಹಾಗಂತ ಮಾಸು ನೋಡಿ ಬಳಗ ಹೇಳಲು ಹೊರಟರೆ ಮತ್ತೆ ಎಡವುತ್ತೇವೆ. ಕಾಡುಪಾಪ ನಮ್ಮದೇ ಬಳಗ, ಆದರೆ ಅದರ ಮಾಸಿನಲ್ಲಿ ಹಂದಿಯಲ್ಲಿರುವಷ್ಟೇ ಪದರಗಳಿವೆ.

ಪ್ರಶ್ನೆ: ಕಾಂಗರೂಗೆ ಜರಾಯು ಇಲ್ಲವೇ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಇದೆ. ಆದರೆ ಸಣ್ಣದು, ಸ್ವಲ್ಪ ದಿನದ್ದು. ಕೆಂಪು ಕಾಂಗರೂ ಸುಮಾರು 33 ದಿನಕ್ಕೇ ಹೆರುತ್ತದೆ. ಮರಿಯ ತೂಕ ಒಂದು ಗ್ರಾಮೂ ಇರುವುದಿಲ್ಲ. ಅದು ತಾನೇ ತೆವಳಿ ಚೀಲ ಸೇರಿ, ಮೊಲೆತೊಟ್ಟಿಗೆ ಅಂಟಿಕೊಂಡು ಬೆಳೆಯುತ್ತದೆ. ಮೇಲೆ ಹೇಳಿದ ನಾಲ್ಕೂ ಬಳಗಗಳಲ್ಲಿ ಮರಿ ಹೆಚ್ಚು ಕಾಲ ಹೊಟ್ಟೆಯೊಳಗೇ ಬೆಳೆಯುತ್ತದೆ. ಪರೀಕ್ಷೆಯಲ್ಲಿ ‘ಜರಾಯು ಇಲ್ಲ’ ಅಂತ ಬರೆಯಬೇಡ, ‘ಅಲ್ಪಕಾಲದ ಜರಾಯು’ ಅಂತ ಬರೆ.