ನವಜಾತ ಶಿಶುವಿನ ಎಕ್ಸ್‌ರೇಯಲ್ಲಿ ಟ್ಯೂಬ್, ಲೈನ್‌ಗಳ ತುದಿ ಹುಡುಕೋದು ಹೇಗೆ?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಮೊದಲ ಪೋಸ್ಟಿಂಗ್ ನೆನಪಾಗಿ ನಗು ಬಂತು. ನೀವು ಪೀಡಿಯಾಟ್ರಿಕ್ಸ್ ಪಿಜಿಗೆ ಸೇರಿ ಎರಡು ವಾರ ಆಗಿದೆ. ರೌಂಡ್ಸ್‌ನಲ್ಲಿ ಸರ್ ಎಕ್ಸ್‌ರೇ ಎತ್ತಿ ಹಿಡಿದು "ತುದಿಗಳೆಲ್ಲ ಎಲ್ಲೆಲ್ಲಿವೆ ಹೇಳಿ" ಅಂತಾರೆ. ನಿಮಗೆ ಕಾಣೋದು ಬಿಳಿ ಗೆರೆಗಳ ಗೋಜಲು. ಇದೇ ತಾನೆ ನಿಮ್ಮ ಕಷ್ಟ? ನಾನು ಎನ್‌ಐಸಿಯುನಲ್ಲೇ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲೇ, ಕೆಲಸ ಮಾಡೋನು. ನಾನು ಹೇಗೆ ನೋಡ್ತೀನಿ ಅನ್ನೋದನ್ನ ಹೇಳ್ತೀನಿ.

ಮೊದಲು ಫಿಲ್ಮ್ ಬಿಟ್ಟು ಮಗುವಿನ ಹತ್ತಿರ ಹೋಗಿ. ಬಾಯಿಂದ ಎಷ್ಟು ಟ್ಯೂಬ್ ಹೋಗಿದೆ, ಹೊಕ್ಕುಳಲ್ಲಿ ಒಂದು ಲೈನ್ ಇದೆಯೋ ಎರಡೋ, ಕೈಯಲ್ಲೋ ಕಾಲಲ್ಲೋ ಪಿಕ್ ಲೈನ್ (ಅಲ್ಲಿನ ಸಿರೆಯಿಂದ ಹೃದಯದ ಹತ್ತಿರದವರೆಗೆ ಹೋಗೋ ಸಣ್ಣ ನಳಿಕೆ) ಇದೆಯಾ ಅಂತ ಎಣಿಸಿಕೊಳ್ಳಿ. ಒಳಗೆ ಹೋಗಿದ್ದು ನಾಲ್ಕು ಅಂದ್ರೆ ಎಕ್ಸ್‌ರೇಯಲ್ಲಿ ನಾಲ್ಕು ತುದಿ ಸಿಗಬೇಕು. ಮೂರೇ ಸಿಕ್ಕರೆ ಇನ್ನೂ ನೋಡಿ ಮುಗಿದಿಲ್ಲ. ಉಳಿದ ಗೆರೆಗಳು ಮಾನಿಟರ್ ವೈರ್, ಟೆಂಪರೇಚರ್ ಪ್ರೋಬ್. ಅವು ಮೈ ಆಚೆಗೂ ಹೋಗ್ತವೆ. ಇನ್‌ಕ್ಯುಬೇಟರ್ ಮುಚ್ಚಳದ ಮೇಲೆ ಒಂದು ತೂತಿರುತ್ತಲ್ಲ, ಅದು ಎದೆಯ ಮೇಲೆ ಬಿದ್ದರೆ ದುಂಡಗೆ ಕಪ್ಪಗೆ ಕಾಣುತ್ತೆ. ಅದನ್ನ ಶ್ವಾಸಕೋಶದ ಸಿಸ್ಟ್ ಅಂದುಕೊಂಡವರು ನೀವೊಬ್ಬರೇ ಆಗಿರೋದಿಲ್ಲ.

ಇನ್ನೊಂದು ಅಭ್ಯಾಸ: ಗೆರೆಯನ್ನ ತುದಿಯಿಂದ ಹುಡುಕಬೇಡಿ. ಮೈಯೊಳಗೆ ಎಲ್ಲಿ ಹೊಕ್ಕಿತೋ ಅಲ್ಲಿಂದ ಬೆರಳಿಟ್ಟು ಹಿಂಬಾಲಿಸಿ. ನಮ್ಮ ಕಡೆ ಎಷ್ಟೋ ಕಡೆ ಹೊಕ್ಕುಳಿಗೆ ಹಾಕೋದೂ 5 ಫ್ರೆಂಚ್ (ದಪ್ಪದ ಅಳತೆ) ಫೀಡಿಂಗ್ ಟ್ಯೂಬೇ, ಹೊಟ್ಟೆಗೆ ಹಾಲು ಕೊಡೋದಕ್ಕೆ ಹಾಕೋದೂ ಅದೇ. ಎಕ್ಸ್‌ರೇಯಲ್ಲಿ ಎರಡೂ ಅವಳಿ ಜವಳಿ. ಒಂದು ಬಾಯಿಂದ ಬಂತು, ಇನ್ನೊಂದು ಹೊಕ್ಕುಳಿಂದ ಬಂತು ಅನ್ನೋದು ಬಿಟ್ಟರೆ ಗುರುತು ಹಿಡಿಯೋಕೆ ಬೇರೆ ದಾರಿ ಇಲ್ಲ.

ಈಗ ಉಸಿರಿನ ಟ್ಯೂಬ್, ಅಂದ್ರೆ ಇಟಿ ಟ್ಯೂಬ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನಾನೇ ಇದರಲ್ಲಿ ಜಾರಿ ಬಿದ್ದಿದ್ದೀನಿ.

ರಾತ್ರಿ ಎರಡು ಗಂಟೆ ಇರಬೇಕು. 1.4 ಕೆಜಿ ಮಗು, ವೆಂಟಿಲೇಟರ್ ಮೇಲಿತ್ತು. ಸಂಜೆ ಚೆನ್ನಾಗಿದ್ದ ಸ್ಯಾಚುರೇಷನ್ ಇಳಿಯತೊಡಗಿತು. ಎಕ್ಸ್‌ರೇ ತೆಗೆಸಿದೆ. ಎಡ ಶ್ವಾಸಕೋಶ ಪೂರ್ತಿ ಬಿಳಿ. ನ್ಯುಮೋನಿಯಾ ಅಂತ ತೀರ್ಮಾನ ಮಾಡಿ ಆಂಟಿಬಯೋಟಿಕ್ ಬದಲಾಯಿಸೋಕೆ ಕೇಸ್ ಶೀಟ್ ತೆಗೆದುಕೊಂಡೆ. ಪಕ್ಕದ ವಾರ್ಮರ್ ಹತ್ತಿರ ಇದ್ದ ಸಿಸ್ಟರ್ ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ಟ್ಯೂಬು ತುಟಿ ಹತ್ರ ಎಂಟೂವರೆ ಸೆಂಟಿಮೀಟರ್‌ಗಿದೆ. ಪ್ಲಾಸ್ಟರ್ ಬದಲಾಯಿಸೋಕೆ ಮುಂಚೆ ಏಳೂವರೆ ಇತ್ತು." ಮತ್ತೆ ಫಿಲ್ಮ್ ನೋಡಿದೆ. ಟ್ಯೂಬಿನ ತುದಿ ಕವಲು ದಾಟಿ ಬಲಗಡೆ ಇಳಿದು ಕೂತಿತ್ತು. ಗಾಳಿಯೆಲ್ಲ ಬಲ ಶ್ವಾಸಕೋಶಕ್ಕೇ ಹೋಗ್ತಿತ್ತು, ಎಡದ್ದು ಮುದುಡಿಕೊಂಡಿತ್ತು. ಹೃದಯ ಬಿಳಿ ಇರೋ ಕಡೆಗೇ ಸರಿದಿತ್ತು. ಅದೊಂದೇ ಸಾಕಿತ್ತು ನನಗೆ ಹೇಳೋಕೆ. ನೀರು ತುಂಬಿದ್ದರೆ ಹೃದಯವನ್ನ ಆಚೆ ತಳ್ಳುತ್ತೆ, ಮುದುಡಿದ್ದರೆ ತನ್ನ ಕಡೆಗೆ ಎಳೆಯುತ್ತೆ ಅಲ್ವಾ? ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆದೆವು. ಸ್ಟೆತಸ್ಕೋಪ್ ಇಟ್ಟರೆ ಎಡಗಡೆ ಗಾಳಿ ಕೇಳಿಸಿತು.

ತುದಿ ಎಲ್ಲಿರಬೇಕು? ಕ್ಲಾವಿಕಲ್‌ಗಳ (ಕೊರಳೆಲುಬುಗಳ) ಒಳ ತುದಿಗಳಿಗೂ ಕರೈನಾಗೂ, ಅಂದ್ರೆ ಶ್ವಾಸನಾಳ ಕವಲೊಡೆಯೋ ಜಾಗಕ್ಕೂ, ನಡುವೆ. ಬೆನ್ನೆಲುಬಿನ ಲೆಕ್ಕದಲ್ಲಿ ಟಿ1-ಟಿ2 (ಟಿ ಅಂದ್ರೆ ಎದೆಯ ಭಾಗದ ಬೆನ್ನುಮೂಳೆ). ಕರೈನಾ ಹೆಚ್ಚುಕಡಿಮೆ ಟಿ4 ಹತ್ತಿರ. ಎಷ್ಟು ಉದ್ದ ಹಾಕಬೇಕು ಅನ್ನೋದಕ್ಕೆ ತೂಕಕ್ಕೆ 6 ಕೂಡಿಸೋ ಲೆಕ್ಕ ನಿಮಗೆ ಗೊತ್ತಿರುತ್ತೆ: 1 ಕೆಜಿಗೆ ತುಟಿಯ ಹತ್ತಿರ 7, 2 ಕೆಜಿಗೆ 8, 3 ಕೆಜಿಗೆ 9 ಸೆಂಟಿಮೀಟರ್. ಒಂದು ಕೆಜಿಗಿಂತ ಚಿಕ್ಕ ಮಕ್ಕಳಲ್ಲಿ ಇದನ್ನ ನಂಬಿದರೆ ಟ್ಯೂಬ್ ಆಳಕ್ಕೆ ಹೋಗಿಬಿಡಬಹುದು.

ಆದರೆ ಬರೀ ತುದಿ ನೋಡಿ ಎಳೆಯೋಕೆ ಹೋಗಬೇಡಿ. ಆ ಕ್ಷಣದಲ್ಲಿ ತಲೆ ಹೇಗಿತ್ತು ನೋಡಿ. ಗದ್ದ ಎದೆಗೆ ತಾಗಿದ್ದರೆ ಟ್ಯೂಬ್ ಕೆಳಗಿಳಿಯುತ್ತೆ, ಗದ್ದ ಮೇಲಕ್ಕೆತ್ತಿದ್ದರೆ ಟ್ಯೂಬೂ ಮೇಲೆ ಬರುತ್ತೆ. ಈ ಏರಿಳಿತ ಒಂದು ಸೆಂಟಿಮೀಟರ್ ಆಗಬಹುದು, ಕೆಲವು ಸಲ ಅದಕ್ಕೂ ಜಾಸ್ತಿ. ತಿಂಗಳು ತುಂಬಿದ ಮಗುವಿನ ಶ್ವಾಸನಾಳವೇ ಸುಮಾರು 4 ಸೆಂಟಿಮೀಟರ್, ಇನ್ನು ಅವಧಿಗೆ ಮುಂಚೆ ಹುಟ್ಟಿದ್ದರದ್ದು ಹೇಳಬೇಕಾ? ತಲೆ ಬಗ್ಗಿದ್ದಾಗ ತೆಗೆದ ಫಿಲ್ಮ್ ನೋಡಿ ಒಂದು ಸೆಂಟಿಮೀಟರ್ ಎಳೆದರೆ, ತಲೆ ನೇರ ಮಾಡಿದ ಕೂಡಲೇ ಟ್ಯೂಬ್ ಈಚೆ ಬಂದು ಕೂರುತ್ತೆ. ಅದಕ್ಕೇ ಎಕ್ಸ್‌ರೇ ತೆಗೆಯುವಾಗ ನಾನು ಪಕ್ಕದಲ್ಲೇ ಏಪ್ರನ್ ಹಾಕಿ ನಿಲ್ತೀನಿ. ಟೆಕ್ನಿಷಿಯನ್‌ಗೆ ಮಗು ಅಂದ್ರೆ ಭಯ, ತಲೆ ಮುಟ್ಟೋಕೆ ಹೋಗೋದಿಲ್ಲ.

ಹೊಕ್ಕುಳ ಲೈನ್‌ಗಳಿಗೆ ಬರೋಣ. ಎಲ್ಲರೂ ತಪ್ಪೋದು ಇಲ್ಲೇ, ಆದರೆ ಒಂದು ಸಲ ದಾರಿ ಗೊತ್ತಾದರೆ ಮರೆಯೋದಿಲ್ಲ. ಹೊಕ್ಕುಳ ಆರ್ಟರಿ ಬರೋದು ಸೊಂಟದೊಳಗಿನ ಇಲಿಯಾಕ್ ಆರ್ಟರಿಯಿಂದ. ಹಾಗಾಗಿ ಯುಎಸಿ, ಅಂದ್ರೆ ಆ ಆರ್ಟರಿಗೆ ಹಾಕಿದ ಲೈನ್, ಹೊಕ್ಕುಳಿಂದ ಮೊದಲು ಕೆಳಗಿಳಿದು, ಸೊಂಟದಲ್ಲಿ ತಿರುವು ತೆಗೆದುಕೊಂಡು, ಆಮೇಲೆ ಬೆನ್ನೆಲುಬಿನ ಎಡಕ್ಕೆ ಮಹಾಪಧಮನಿ ಹಿಡಿದು ಮೇಲೇರುತ್ತೆ. ಎಡ ಅಂದ್ರೆ ಮಗುವಿನ ಎಡ, ನಿಮ್ಮ ಬಲ. ಯುವಿಸಿಗೆ, ಅಂದ್ರೆ ಹೊಕ್ಕುಳ ವೇನ್‌ಗೆ ಹಾಕಿದ ಲೈನ್‌ಗೆ, ಈ ಸುತ್ತು ಇಲ್ಲ. ಹೊಕ್ಕುಳಿಂದ ನೇರ ಮೇಲಕ್ಕೆ, ಲಿವರ್ ಮೂಲಕ, ನಡುಗೆರೆಯಿಂದ ಸ್ವಲ್ಪ ಬಲಕ್ಕೆ. ಕೆಳಗೆ ಹೋಗಿ ಮೇಲೆ ಬಂದರೆ ಆರ್ಟರಿ, ಸೀದಾ ಮೇಲೆ ಹೋದರೆ ವೇನ್. ಇನ್ನೂ ಅನುಮಾನ ಇದ್ದರೆ ಪಕ್ಕದಿಂದ ಒಂದು ಫಿಲ್ಮ್. ಆರ್ಟರಿ ಲೈನ್ ಬೆನ್ನೆಲುಬಿಗೆ ಅಂಟಿಕೊಂಡ ಹಾಗೆ ಹಿಂದಿರುತ್ತೆ, ವೇನ್ ಲೈನ್ ಮುಂದಿರುತ್ತೆ.

ಯುಎಸಿ ತುದಿ ಮೇಲಿದ್ದರೆ ಟಿ6ರಿಂದ ಟಿ9, ಕೆಳಗಿದ್ದರೆ ಎಲ್3-ಎಲ್4 (ಎಲ್ ಅಂದ್ರೆ ಸೊಂಟದ ಭಾಗದ್ದು). ನಡುವೆ ಇರಬಾರದು. ಕರುಳಿಗೆ, ಕಿಡ್ನಿಗೆ ರಕ್ತ ಒಯ್ಯುವ ಮುಖ್ಯ ಕವಲುಗಳು ಹೆಚ್ಚಾಗಿ ಟಿ12ರಿಂದ ಎಲ್2ರ ಒಳಗೆ ಹೊರಡ್ತವೆ. ಅವುಗಳ ಬಾಯಿಗೆ ತುದಿ ಇಡೋದು ಬೇಡ. ಬೆನ್ನೆಲುಬು ಎಣಿಸೋಕೆ ಗೊಂದಲ ಆದರೆ ಕೊನೆಯ ಪಕ್ಕೆಲುಬು ಹಿಡಿದು ಅದನ್ನ ಟಿ12 ಅಂತ ಇಟ್ಟುಕೊಂಡು ಮೇಲಕ್ಕೆ ಎಣಿಸಿ.

ಯುವಿಸಿ ತುದಿ ಡಯಾಫ್ರಮ್ (ಎದೆ-ಹೊಟ್ಟೆ ನಡುವಿನ ಪರದೆ) ಮಟ್ಟದಲ್ಲಿ ಅಥವಾ ಅದಕ್ಕಿಂತ ಒಂಚೂರು ಮೇಲೆ, ಸುಮಾರು ಟಿ8-ಟಿ9, ಕೆಳಗಿನ ಮಹಾಸಿರೆ ಹೃದಯ ಸೇರೋ ಬಾಗಿಲಲ್ಲಿ. ಲಿವರ್ ಮೇಲೆ ಕೊಕ್ಕೆಯ ಹಾಗೆ ಬಲಕ್ಕೋ ಎಡಕ್ಕೋ ತಿರುಗಿದ್ದರೆ ಪೋರ್ಟಲ್ ವೇನ್ (ಲಿವರ್‌ಗೆ ಹೋಗೋ ಸಿರೆ) ಹೊಕ್ಕಿದೆ ಅಂತ. ಅದರಲ್ಲಿ ಟಿಪಿಎನ್ (ರಕ್ತನಾಳದ ಮೂಲಕ ಕೊಡೋ ಪೋಷಣೆ), ಕ್ಯಾಲ್ಸಿಯಂ, ಗಟ್ಟಿ ಡೆಕ್ಸ್‌ಟ್ರೋಸ್ ಏನೂ ಬಿಡಬೇಡಿ, ಲಿವರ್ ಸುಟ್ಟುಹೋಗುತ್ತೆ. ತೀರಾ ಮೇಲೆ ಹೋಗಿ ಹೃದಯದೊಳಗೆ ಕೂತರೆ ಬಡಿತ ತಪ್ಪುತ್ತೆ. ಅದಕ್ಕಿಂತ ಕೆಟ್ಟದ್ದು ಹೃದಯದ ಸುತ್ತ ದ್ರವ ತುಂಬೋದು. ಸೆಂಟ್ರಲ್ ಲೈನ್ ಇರೋ ಮಗು ಇದ್ದಕ್ಕಿದ್ದ ಹಾಗೆ ಕುಸಿದರೆ ಇದು ನಿಮ್ಮ ತಲೆಗೆ ಮೊದಲು ಬರೋ ಕಾರಣಗಳಲ್ಲಿ ಇರಲಿ, ಎಕೋ ಪ್ರೋಬ್ ಕೈಗೆತ್ತಿಕೊಳ್ಳಿ.

ಉದ್ದದ ಲೆಕ್ಕಕ್ಕೆ 1986ರಲ್ಲಿ ಶುಕ್ಲಾ ಮತ್ತು ಫೆರಾರಾ ಕೊಟ್ಟ ಸೂತ್ರವನ್ನೇ ನಾವು ಇವತ್ತಿಗೂ ಬಳಸೋದು. ಯುಎಸಿಗೆ ತೂಕ ಗುಣಿಸು 3, ಕೂಡಿಸು 9. ಅದರ ಅರ್ಧಕ್ಕೆ 1 ಕೂಡಿಸಿದರೆ ಯುವಿಸಿ. 1.2 ಕೆಜಿ ಮಗುವಿಗೆ 12.6 ಮತ್ತು 7.3 ಸೆಂಟಿಮೀಟರ್. ಬಳ್ಳಿಯ ಮೋಟು ಎಷ್ಟಿದೆಯೋ ಅಷ್ಟನ್ನ ಸೇರಿಸಿಕೊಳ್ಳಿ. ಯುವಿಸಿ ಜಾಸ್ತಿ ಒಳಗೆ ಹೋಗುತ್ತೆ ಅಂತ ಆ ಕೊನೆಯ 1 ಬಿಡೋರೂ ಇದ್ದಾರೆ, ಚಿಕ್ಕ ಮಕ್ಕಳಲ್ಲಿ ನಾನೂ ಬಿಡ್ತೀನಿ. ಏನೇ ಆದರೂ ಇದು ಅಂದಾಜು. ಎಕ್ಸ್‌ರೇ ಬಂದ ಮೇಲೆ ಆಳ ಜಾಸ್ತಿ ಆಗಿದ್ದರೆ ಹಿಂದಕ್ಕೆ ಎಳೆಯಬಹುದು. ಕಡಿಮೆ ಆಗಿದ್ದರೆ ಸ್ಟೆರೈಲ್ ಬಟ್ಟೆ ತೆಗೆದ ಮೇಲೆ ಮುಂದೆ ತಳ್ಳೋ ಹಾಗಿಲ್ಲ, ಹೊಸದಾಗಿ ಹಾಕಬೇಕು. ಇವತ್ತು ಸರಿ ಇದ್ದ ಯುವಿಸಿ ನಾಳೆ ಸರಿ ಇರುತ್ತೆ ಅಂತಲೂ ಇಲ್ಲ. ಮೋಟು ಒಣಗ್ತಾ, ಹೊಟ್ಟೆ ಉಬ್ಬರಿಸ್ತಾ ತುದಿ ಸರಿಯುತ್ತೆ. ನಿಮ್ಮಲ್ಲಿ ಅಲ್ಟ್ರಾಸೌಂಡ್ ಇದ್ದರೆ ಯುವಿಸಿಗೆ ಅದೇ ವಾಸಿ.

ಪಿಕ್ ಲೈನ್ ಕೈಯಿಂದ ಹಾಕಿದ್ದರೆ ಮೇಲಿನ ಮಹಾಸಿರೆಯಲ್ಲಿ, ಕಾಲಿಂದ ಹಾಕಿದ್ದರೆ ಕೆಳಗಿನದರಲ್ಲಿ, ಎರಡೂ ಹೃದಯದ ಹೊರಗೆ. ಕೈ ಆಡಿಸಿದರೆ ತುದಿಯೂ ಆಡುತ್ತೆ, ಹಾಗಾಗಿ ಪ್ರತಿ ಸಲ ಕೈ ಒಂದೇ ಭಂಗಿಯಲ್ಲಿರಲಿ. ಕಾಲಿನ ಲೈನ್ ನಡುಗೆರೆಗೆ ತೀರಾ ಹತ್ತಿರ, ಬೆನ್ನೆಲುಬಿನ ಮೇಲೇ ಅಂಕುಡೊಂಕಾಗಿ ಹೋಗ್ತಿದ್ದರೆ ಪಕ್ಕದ ಫಿಲ್ಮ್ ತೆಗೆಸಿ. ಲಂಬಾರ್ ವೇನ್‌ಗೆ ನುಗ್ಗಿರಬಹುದು.

ಫೀಡಿಂಗ್ ಟ್ಯೂಬ್ ಸುಲಭ: ಡಯಾಫ್ರಮ್ ಕೆಳಗೆ, ಹೊಟ್ಟೆಯ ಗಾಳಿಗುಳ್ಳೆಯೊಳಗೆ, ಪಕ್ಕದ ತೂತುಗಳೂ ಒಳಗೇ. ಆದರೆ 10-12 ಸೆಂಟಿಮೀಟರ್‌ಗೇ ತಡೆದು, ಎಕ್ಸ್‌ರೇಯಲ್ಲಿ ಕತ್ತಿನ ಬುಡದಲ್ಲಿ ಸುರುಳಿ ಸುತ್ತಿಕೊಂಡಿದ್ದರೆ ಹಾಲು ನಿಲ್ಲಿಸಿ. ಅನ್ನನಾಳ ಅಲ್ಲಿಗೇ ಮುಚ್ಚಿಕೊಂಡಿರಬಹುದು.

ಇಷ್ಟಾದ ಮೇಲೆ ಶ್ವಾಸಕೋಶ ನೋಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿ ಟ್ಯೂಬ್ ಎಳೆಯೋಕೆ ಹೇಳಬೇಡಿ. ಎಡ-ಬಲದ ಗುರುತೇ ಕಟ್ ಆಗಿರುತ್ತೆ, ಒಮ್ಮೊಮ್ಮೆ ಫಿಲ್ಮೇ ತಿರುಗಿರುತ್ತೆ.

ಕೊನೆಗೆ ಕೇಸ್ ಶೀಟ್. "ಟ್ಯೂಬ್ ಸರಿ ಇದೆ" ಅಂತ ಸುಮ್ನೆ ಬರೆದರೆ ಬೆಳಿಗ್ಗೆ ಬರೋರಿಗೆ ಏನೂ ಗೊತ್ತಾಗೋದಿಲ್ಲ. ನಾನು ಬರೆಯೋದು ಹೀಗೆ: "ಮಧ್ಯಾಹ್ನ 3.10. ತಲೆ ನೇರ. ಇಟಿ ತುಟಿಯಲ್ಲಿ 7.5, ತುದಿ ಟಿ2. ಯುವಿಸಿ 8ರಲ್ಲಿ, ತುದಿ ಟಿ7, 1 ಸೆಂಮೀ ಹಿಂದಕ್ಕೆ ಎಳೆದಿದೆ, ಈಗ 7ರಲ್ಲಿ, ಮತ್ತೆ ಎಕ್ಸ್‌ರೇ ಹೇಳಿದೆ. ಫೀಡಿಂಗ್ ಟ್ಯೂಬ್ ಹೊಟ್ಟೆಯಲ್ಲಿ."