ಮೂರು ವಾರದಲ್ಲಿ ಐದು ಅಂಕ ಹೆಚ್ಚಾಯಿತು!

ಪ್ರಶ್ನೆ: ಮಗನಿಗೆ ಐಕ್ಯೂ ಪರೀಕ್ಷೆ ಮಾಡಿಸಿದೆವು. 106 ಬಂತು. ಅವತ್ತು ಅವನಿಗೆ ನೆಗಡಿ ಇತ್ತು. ಮೂರು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿಸಿದರೆ 111. ಯಾವುದನ್ನು ನಂಬಬೇಕು? ಪರೀಕ್ಷೆಯೇ ಸರಿಯಿಲ್ವಾ?

ಉತ್ತರ: ಐದು ಅಂಕಕ್ಕೆ ಪರೀಕ್ಷೆಯನ್ನು ಬೈಯಬೇಡಿ. ಒಂದೇ ಗುಂಪಿಗೆ ಎರಡು ಸಲ ಪರೀಕ್ಷೆ ಕೊಟ್ಟು, ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಅಂತ ನೋಡುವುದಕ್ಕೆ ನಾವು ಟೆಸ್ಟ್-ರೀಟೆಸ್ಟ್ ಅನ್ನುತ್ತೇವೆ. ಈ ಹೊಂದಿಕೆಯನ್ನು ಅಳೆಯುವ ಸಂಖ್ಯೆಗೆ ಸಹಸಂಬಂಧ ಅಂತ ಹೆಸರು. ಪೂರ್ತಿ ಹೊಂದಿದರೆ 1. ಒಳ್ಳೆಯ ಐಕ್ಯೂ ಪರೀಕ್ಷೆಗೆ 0.9ರ ಆಸುಪಾಸು ಸಿಗುತ್ತದೆ. ಕೇಳಲು ಭಾರೀ ಅನ್ನಿಸುತ್ತದೆ, ಅಲ್ವಾ? ಆದರೆ ಐಕ್ಯೂ ಅಳತೆಯಲ್ಲಿ ಮಾನಕ ವಿಚಲನೆ, ಅಂದರೆ ಜನರ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಚದುರುವ ಪ್ರಮಾಣ, 15. ಲೆಕ್ಕ ಹಾಕಿದರೆ, 0.9 ಇದ್ದರೂ ಒಂದೊಂದು ಅಂಕವೂ ಸುಮಾರು 5ರಷ್ಟು ಆಚೀಚೆ ಅಲುಗಾಡುತ್ತದೆ. ಎರಡು ಅಂಕಗಳನ್ನು ಹೋಲಿಸುವಾಗ ಎರಡರ ಅಲುಗಾಟವೂ ಸೇರಿ ಸುಮಾರು 7. ವ್ಯತ್ಯಾಸ ಅದರ ಸುಮಾರು ಎರಡರಷ್ಟು, ಅಂದರೆ 13 ದಾಟಿದರೆ ಮಾತ್ರ ನಾನು ಕನ್ನಡಕ ಹಾಕಿಕೊಂಡು ವರದಿಯನ್ನು ಮತ್ತೆ ಓದುತ್ತೇನೆ.

ಇನ್ನೊಂದು ವಿಷಯ. ವಿದ್ಯಾರ್ಥಿಯಾಗಿದ್ದಾಗ ನಾನೂ ಸಹಪಾಠಿಗಳಿಗೆ ಎರಡು ವಾರದ ಅಂತರದಲ್ಲಿ ಒಗಟುಗಳ ಅದೇ ಪರೀಕ್ಷೆಯನ್ನು ಎರಡು ಸಲ ಕೊಟ್ಟಿದ್ದೆ. 0.91 ಬಂತು, ಕುಣಿದಾಡಿದೆ. ನಮ್ಮ ಮೇಷ್ಟ್ರು ಹಾಳೆ ನೋಡಿ, "ಸರಾಸರಿ ನೋಡಿದೆಯಾ?" ಅಂದರು. ಹೆಚ್ಚುಕಡಿಮೆ ಎಲ್ಲರ ಅಂಕವೂ ನಾಲ್ಕರಷ್ಟು ಏರಿತ್ತು! ಮೊದಲಿದ್ದವರು ಮೊದಲೇ, ಕೊನೆಯವರು ಕೊನೆಯೇ. ಸಾಲು ಕೆಡದಿದ್ದರೆ ಸಹಸಂಬಂಧಕ್ಕೆ ಏರಿಕೆ ಕಾಣುವುದೇ ಇಲ್ಲ. ಆ ಪೆಟ್ಟು ನನಗೆ ಇವತ್ತಿಗೂ ನೆನಪಿದೆ.

ಏರಿದ್ದು ಯಾಕೆ? ಅಭ್ಯಾಸದಿಂದ. ಮೂರು ವಾರದಲ್ಲಿ ಮಕ್ಕಳು ಒಗಟು ಬಿಡಿಸಿದ ದಾರಿ ಮರೆಯುವುದಿಲ್ಲ. ಹಾಗಂತ ವರ್ಷಗಟ್ಟಲೆ ಕಾದರೆ ಮಗುವೇ ಬದಲಾಗಿರುತ್ತದೆ. ಆಗ ಅಲುಗಿದ್ದು ಅಳತೆಕೋಲೋ ಮಗುವೋ, ಹೇಳುವುದು ಕಷ್ಟ. ಕೆಲವು ಅಳತೆಗಳಂತೂ ಬದಲಾಗಲೇಬೇಕು. ಮನಸ್ಸಿನ ಬೇಸರ (ಖಿನ್ನತೆ) ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೇಳುವುದೇ ಕಳೆದ ಎರಡು ವಾರದ ಬಗ್ಗೆ. ಚಿಕಿತ್ಸೆ ನಡೆದು ಮೂರು ತಿಂಗಳಾದರೂ ಅದು ಅದೇ ಅಂಕ ತೋರಿಸಿದರೆ ನನಗೆ ಚಿಂತೆ.

ನಿಮ್ಮ ಮಗನ ವಿಷಯಕ್ಕೆ ಬರೋಣ. ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಭಾಗವಾರು ನೋಡಿ. ಏರಿಕೆ ಒಗಟು, ವೇಗದ ಭಾಗಗಳಲ್ಲೇ ಇದ್ದರೆ ಬಹುಶಃ ಅಭ್ಯಾಸದ್ದು. ಪದಜ್ಞಾನದಲ್ಲಿ ಅಭ್ಯಾಸದ ಲಾಭ ಕಡಿಮೆ. ಯಾರಾದರೂ ಕೇಳಿದರೆ ಮೊದಲ ವರದಿ ಕೊಡಿ, ನೆಗಡಿಯ ವಿಷಯವನ್ನೂ ಹೇಳಿ. ಮೂರನೇ ಸಲ ಮಾತ್ರ ಸುಮ್ನೆ ಕೂರಿಸಬೇಡಿ, ಪಾಪ.