ಕೋಣೆಯಲ್ಲಿ ಕೇಳುವ ಬೇಸ್ ಬಸ್ಸಿನಲ್ಲಿ ಏಕೆ ಮಾಯ? ರಾಕ್ ಕೇಳುತ್ತಾ ಊರಿಗೆ ಬರುವವರಿಗೆ ಯಾವ ಹೆಡ್‌ಫೋನ್?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಊರು ಕೊಡಗಿನ ಗೋಣಿಕೊಪ್ಪ, ಕೆಲಸ ಬೆಂಗಳೂರಿನಲ್ಲಿ, ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸು. ಕೇಳುವುದು ರಾಕ್ ಮತ್ತು ಮೆಟಲ್. ಕನ್ನಡಕ ಇದೆ. ಈಗಿರುವ ಹೆಡ್‌ಫೋನ್ ಕೋಣೆಯಲ್ಲಿ ಚೆನ್ನಾಗಿ ನುಡಿಯುತ್ತದೆ, ಬಸ್ಸು ಹೊರಟೊಡನೆ ಬೇಸ್, ಅಂದರೆ ಸಂಗೀತದ ಕೆಳಸ್ವರ, ಮಾಯವಾಗುತ್ತದೆ. ಆದ್ದರಿಂದ ಹದಿನೈದು ಸಾವಿರದೊಳಗೆ, ಕಿವಿಯನ್ನು ಪೂರ್ತಿ ಮುಚ್ಚುವ, ‘ಹೆಚ್ಚು ಬೇಸ್ ಇರುವ’ ಹೆಡ್‌ಫೋನ್ ಯಾವುದು ಎಂದು ಕೇಳಿದ್ದೀರಿ.

ಹೆಚ್ಚು ಬೇಸ್ ಇರುವುದನ್ನು ಹುಡುಕಬೇಡಿ. ಇದೇ ಕಾಯಿಲೆಗೆ ಅದೇ ಮದ್ದೆಂದು ನಾನೊಮ್ಮೆ ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬೇಸ್ ಎಂದು ಬರೆದಿದ್ದ ಒಂದನ್ನು ಕೊಂಡು ತಂದಿದ್ದೆ. ಬಸ್ಸಿನಲ್ಲಿ ಎಂಜಿನ್ನಿನ ಗುಂಯ್‌ಗೆ ಇದರ ಗುಂಯ್ ಸೇರಿಕೊಂಡಿತು. ಮನೆಯಲ್ಲಿ ಹಾಕಿದರೆ ಹಾಡುವವನು ಕಂಬಳಿ ಹೊದ್ದು ಮಲಗಿದಲ್ಲಿಂದಲೇ ಹಾಡುತ್ತಿದ್ದಾನೆ ಎನ್ನಿಸುತ್ತಿತ್ತು. ಆರು ತಿಂಗಳಲ್ಲಿ ಅದು ತಂಗಿಯ ಮಗನ ಪಾಲಾಯಿತು, ಅವನು ಮೊಬೈಲ್ ಆಟ ಆಡಲು ಬಳಸುತ್ತಾನೆ, ಗುಂಡಿನ ಸದ್ದಿಗೆ ಬಹಳ ಚೆನ್ನಾಗಿದೆಯಂತೆ.

ಬಸ್ಸಿನಲ್ಲಿ ಬೇಸ್ ಏಕೆ ಸಾಯುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. ನಾಲ್ಕು ಸ್ಟ್ರೋಕಿನ ಡೀಸೆಲ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಆರು ಸಿಲಿಂಡರ್ ಇದ್ದರೆ ಸುತ್ತಿಗೆ ಮೂರು ಸಿಡಿತ. ಹುಣಸೂರಿನ ಆಚೆ ನೇರ ರಸ್ತೆಯಲ್ಲಿ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ, ಸೆಕೆಂಡಿಗೆ 75 ಸಿಡಿತವಾಯಿತು. ಈಗ ಬೇಸ್ ಗಿಟಾರಿನ ಕಡೆ ಬನ್ನಿ. ಅದರ ನಾಲ್ಕು ತಂತಿಗಳನ್ನು ಒತ್ತದೆ ಮೀಟಿದರೆ ಸುಮಾರು 41, 55, 73 ಮತ್ತು 98 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಹಾಗಾಗಿ ಆರು ಗಂಟೆ ಕಾಲ ಚಾಲಕನು ನಿಮ್ಮ ಕಿವಿಯ ಪಕ್ಕದಲ್ಲಿ ಆ 73ರ ತಂತಿಯನ್ನು, ಡಿ ತಂತಿಯನ್ನು, ಬಿಡದೆ ಮೀಟುತ್ತಿದ್ದಾನೆ. ಬೇಸ್ ಎಲ್ಲಿಗೂ ಹೋಗಿಲ್ಲ, ಅದೇ ಎತ್ತರದ ಇನ್ನೊಂದು ಸದ್ದಿನ ಕೆಳಗೆ ಹೂತುಹೋಗಿದೆ. ನೀವು ಅದನ್ನು ಎತ್ತಲು ವಾಲ್ಯೂಮ್ ಹೆಚ್ಚಿಸುತ್ತೀರಿ. ಬೇಸ್ ಒಂದು ಮೆಟ್ಟಿಲು ಏರಿದರೆ ಗಿಟಾರು, ಡ್ರಮ್ಮಿನ ಜೊತೆ ಬಡಿಯುವ ತಾಳದಂಥ ಸಿಂಬಲ್ಲುಗಳೂ ಅದರ ಜೊತೆ ಏರುತ್ತವೆ, ಅವುಗಳಿಗೆ ಎಂಜಿನ್ನಿನ ಅಡ್ಡಿಯೇ ಇರಲಿಲ್ಲ. ಗೋಣಿಕೊಪ್ಪದಲ್ಲಿ ಇಳಿದಾಗ ಕಿವಿಯಲ್ಲಿ ಜೀರುಂಡೆ ಕೂಗುತ್ತಿದ್ದರೆ ಕಾರಣ ಇದು.

ಹಾಗಾದರೆ ಹೆಡ್‌ಫೋನಿನ ಹಿಂಬದಿ ಮುಚ್ಚಿದ ಕಪ್, ಕಿವಿಯ ಮೇಲೆ ಕೂರುವ ಆ ಬಟ್ಟಲು, ಎಷ್ಟು ತಡೆಯುತ್ತದೆ? ಗೋಡೆ ತಡೆದಷ್ಟು, ಗೋಡೆಯ ಹಾಗೆಯೇ. ಪಕ್ಕದ ಮನೆಯ ಟಿವಿಯಲ್ಲಿ ಮಾತು ಕೇಳಿಸುವುದಿಲ್ಲ, ಧಾರಾವಾಹಿಯ ಢಂ ಢಂ ಮಾತ್ರ ದಾಟಿ ಬರುತ್ತದಲ್ಲ, ಹಾಗೆ. ಹಿಂದಿನ ಸೀಟಿನವರ ಫೋನಿನ ಮಾತು, ಕಿಟಕಿಯ ಗಾಜಿನ ಗಡಗಡ, ನಿರ್ವಾಹಕರ ಸೀಟಿ, ಇವನ್ನೆಲ್ಲ ಒಳ್ಳೆಯ ಪ್ಯಾಡ್ ಚೆನ್ನಾಗಿ ಕಡಿಮೆ ಮಾಡುತ್ತದೆ. 75 ಹರ್ಟ್ಸಿನ ಎದುರು ಅದರ ಆಟ ನಡೆಯುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೆ ತಗ್ಗಿಸುತ್ತದೆ ಎಂದು ಕಂಪನಿ ಹೇಳುತ್ತದೆ. ಆ ‘ವರೆಗೆ’ ಎಂಬ ಪದದ ಮೇಲೆ ಬೆರಳಿಟ್ಟು ಓದಿ. ಆ ಗರಿಷ್ಠ ಸಿಗುವುದು ಮೇಲಿನ ಸ್ವರಗಳಲ್ಲಿ, ಎಂಜಿನ್ನಿನ ಬಳಿ ಅಲ್ಲ.

ಅದರ ಮೇಲೆ ನಿಮ್ಮ ಕನ್ನಡಕ. ಕಡ್ಡಿ ಹಾದುಹೋಗುವ ಜಾಗದಲ್ಲಿ ಪ್ಯಾಡ್ ತಲೆಗೆ ಅಂಟುವುದಿಲ್ಲ, ಒಂದು ಸಣ್ಣ ಬಿರುಕು ಉಳಿಯುತ್ತದೆ. ಆ ಬಿರುಕಿನಿಂದ ಹೊರಗಿನ ಗುಂಯ್ ಒಳಗೆ ಬರುವುದಷ್ಟೇ ಅಲ್ಲ, ಒಳಗಿನ ಬೇಸ್ ಹೊರಗೆ ಸೋರುತ್ತದೆ. ಮುಚ್ಚಿದ ಹೆಡ್‌ಫೋನಿನ ಕೆಳಸ್ವರ ನಿಂತಿರುವುದೇ ಕಿವಿಯ ಸುತ್ತ ಸಿಕ್ಕಿಬಿದ್ದ ಗಾಳಿಯ ಮೇಲೆ. ಇದನ್ನು ಈಗಲೇ ನೋಡಬಹುದು, ಹೊಸದನ್ನು ಕೊಳ್ಳುವ ಮೊದಲು ಹಳೆಯದರಲ್ಲೇ. ಕನ್ನಡಕ ಹಾಕಿಕೊಂಡು, ಬೇಸ್ ಗಿಟಾರ್ ಸ್ಪಷ್ಟವಾಗಿರುವ ಹಾಡು ಹಾಕಿ, ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಬೇಸ್ ಥಟ್ಟನೆ ತುಂಬಿ ಬಂದರೆ ಹೆಡ್‌ಫೋನಿನಲ್ಲಿ ಅದು ಮೊದಲೇ ಇತ್ತು, ಸೋರುತ್ತಿತ್ತು. ನಾನು ಈ ಪರೀಕ್ಷೆ ಮಾಡಿದ ದಿನ ದಪ್ಪ ಪ್ಲಾಸ್ಟಿಕ್ ಫ್ರೇಮ್ ಬಿಟ್ಟು ತೆಳು ಲೋಹದ ಕಡ್ಡಿಯ ಕನ್ನಡಕ ಮಾಡಿಸಿಕೊಂಡೆ. ಸಂಗೀತಕ್ಕಾಗಿ ನಾನು ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಕನ್ನಡಕದ ಅಂಗಡಿಗೆ ಹೋಯಿತು.

ಉಳಿದದ್ದು ಎಂಜಿನ್. ಅದಕ್ಕೆ ನಾಯ್ಸ್ ಕ್ಯಾನ್ಸಲಿಂಗ್ ಬೇಕು. ಕಪ್ಪಿನಲ್ಲಿರುವ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಂಡು, ಅದರ ಏರಿಗೆ ಇಳಿತ, ಇಳಿತಕ್ಕೆ ಏರು ಬರುವಂತೆ ತದ್ವಿರುದ್ಧ ಅಲೆಯನ್ನು ಸ್ಪೀಕರಿನಿಂದ ಹೊರಡಿಸುತ್ತದೆ, ಎರಡೂ ಸೇರಿ ಬಹುಪಾಲು ಅಳಿಸಿಹೋಗುತ್ತವೆ. ಇದು ಚೆನ್ನಾಗಿ ಕೆಲಸ ಮಾಡುವುದು ಒಂದೇ ಸಮ ಇರುವ, ಕೆಳಗಿನ ಸದ್ದಿನ ಮೇಲೆ, ಅಂದರೆ ಪ್ಯಾಡ್ ಸೋಲುವ ಜಾಗದಲ್ಲೇ. ಬೋಸ್ ಆಡಿಯೊ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬೋಸ್ಟನ್‌ಗೆ ಹೋಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದಿನ ನಡುವೆ ಸಂಗೀತವೇ ಕೇಳಿಸದೆ, ಅಲ್ಲೇ ಕುಳಿತು ಇದರ ಲೆಕ್ಕ ಹಾಕತೊಡಗಿದರಂತೆ. ಅವರಿಗೆ ವಿಮಾನ, ನಮಗೆ ಕೆಂಪು ಬಸ್ಸು, ತೊಂದರೆ ಒಂದೇ. ಮಗುವಿನ ಅಳು, ಹಾರ್ನ್, ಪಕ್ಕದವರ ಗೊರಕೆಯ ಮೇಲ್ಭಾಗ, ಇವು ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಘಾಟಿಯಲ್ಲಿ ಗೇರ್ ಬದಲಿಸಿದಾಗಲೆಲ್ಲ ಸದ್ದು ಒಂದು ಕ್ಷಣ ನುಸುಳಿದಂತಾಗುವುದೂ ಉಂಟು. ಕೆಲವರಿಗೆ ಕಿವಿಯೊಳಗೆ ಒತ್ತಿದಂತೆ ಅನ್ನಿಸುತ್ತದೆ, ಕೊಂಡ ಮೊದಲ ವಾರದಲ್ಲೇ ಅದನ್ನು ಗಮನಿಸಿ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲು.

ರಾಕ್‌ಗೆ ಸರಿಹೋಗುತ್ತದೆಯೇ ಎಂದು ತಿಳಿಯಲು ನನ್ನದೊಂದು ಅಳತೆಗೋಲಿದೆ. 2007ರ ಮಾರ್ಚ್‌ನಲ್ಲಿ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾನು ಆ ಜನಜಂಗುಳಿಯಲ್ಲಿದ್ದೆ. ಆ ತಂಡದ ಸ್ಟೀವ್ ಹ್ಯಾರಿಸ್ ಅವರ ಬೇಸ್ ಗಿಟಾರ್ ಕುದುರೆಯ ನಾಗಾಲೋಟದಂತೆ ಓಡುತ್ತದೆ, ಟಕಟಕ್ ಟಕಟಕ್ ಎಂದು ಒಂದೊಂದು ಮೀಟೂ ಬೇರೆ ಬೇರೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕುದುರೆಯ ಗೊರಸುಗಳನ್ನು ಎಣಿಸಬಹುದು. ಬೇಸ್ ಉಬ್ಬಿಸಿದ್ದರಲ್ಲಿ ಯಾರೋ ಅಟ್ಟದ ಮೇಲೆ ಭತ್ತದ ಮೂಟೆ ಎಳೆಯುತ್ತಿರುವ ಸದ್ದು ಮಾತ್ರ. ಎರಡನೆಯದಾಗಿ ಗಿಟಾರು ಮತ್ತು ಗಾಯಕನ ದನಿ ಇರುವ ನಡುಭಾಗ ನೋಡಿ. ಬಹಳ ಹೆಡ್‌ಫೋನ್‌ಗಳು ಕೆಳಗೂ ಮೇಲೂ ಏರಿಸಿ ನಡುವನ್ನು ಕೊರೆದುಬಿಡುತ್ತವೆ, ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಅದೇ ಮಿಂಚುತ್ತದೆ, ರಾಕ್‌ನ ಪ್ರಾಣ ಇರುವುದು ಕೊರೆದು ಹೋದ ಆ ಭಾಗದಲ್ಲಿ. ಮೂರನೆಯದು ಸಿಂಬಲ್, ಅರ್ಧ ಗಂಟೆ ಕೇಳಿದ ಮೇಲೂ ಅದು ಚುಚ್ಚಬಾರದು. ಹಾಗೆಂದು ಎಲ್ಲ ತಪ್ಪನ್ನೂ ಹೆಡ್‌ಫೋನ್ ಮೇಲೆ ಹಾಕಬೇಡಿ. ಮೆಟಲ್ ತಂಡ ಮೆಟಾಲಿಕಾದ 2008ರ ಆಲ್ಬಮ್ಮಿನ ಸದ್ದನ್ನು ಎಷ್ಟು ಒತ್ತಿ ಜೋರು ಮಾಡಿದ್ದರೆಂದರೆ ಅಭಿಮಾನಿಗಳೇ ಜಗಳಕ್ಕೆ ನಿಂತರು. ಅಂಥದ್ದನ್ನು ಇಟ್ಟುಕೊಂಡು ಹೆಡ್‌ಫೋನ್ ಪರೀಕ್ಷಿಸಿದರೆ ಯಾವುದೂ ಪಾಸಾಗದು.

ಈಗ ಹೆಸರುಗಳು. ಬೆಲೆ ವಾರಕ್ಕೊಮ್ಮೆ ಏರಿಳಿಯುವುದರಿಂದ ಬರೆಯುವುದಿಲ್ಲ.

ನೀವು ಹೆಚ್ಚಾಗಿ ಕೇಳುವುದು ಕೋಣೆಯಲ್ಲಿ, ಬಸ್ಸು ಅಪರೂಪ ಎಂದಿದ್ದರೆ ಕಣ್ಣು ಮುಚ್ಚಿ ಆಡಿಯೊ-ಟೆಕ್ನಿಕಾ ಎಟಿಎಚ್-ಎಂ40ಎಕ್ಸ್ ಎನ್ನುತ್ತಿದ್ದೆ. ನನ್ನ ಮೇಜಿನ ಮೇಲಿರುವುದು ಅದೇ. 35 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಫೋನಿಗೆ ಭಾರವಲ್ಲ, 240 ಗ್ರಾಂ, ಮಡಚಬಹುದು, ತಂತಿಯನ್ನು ಬಿಚ್ಚಿ ಬದಲಿಸಬಹುದು. ಅದರ ಅಣ್ಣ ಎಂ50ಎಕ್ಸ್ ಹೆಚ್ಚು ಪ್ರಸಿದ್ಧ, ಬೇಸ್ ತುಸು ಹೆಚ್ಚು, ತೂಕವೂ ಹೆಚ್ಚು, 285 ಗ್ರಾಂ. ನನಗೆ ತಮ್ಮನೇ ಇಷ್ಟ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊದ ಮಖಮಲ್ ಪ್ಯಾಡ್ ಕನ್ನಡಕದವರಿಗೆ ಸ್ವರ್ಗ, ಆದರೆ ಅದು ಮಡಚುವುದಿಲ್ಲ, 80 ಓಮಿನದಕ್ಕೆ ಮೂರು ಮೀಟರ್ ತಂತಿ ಬೇರೆ, ಬಸ್ಸಿನಲ್ಲಿ ಆ ತಂತಿಯಿಂದ ಎಮ್ಮೆ ಕಟ್ಟಬಹುದು. ಸಿಂಬಲ್ಲೂ ಚೂಪು. ಫೋನಿಗೆ ಭಾರವಾಗುವ 250 ಓಮಿನದನ್ನು ಫೋನಿಗೆಂದು ಕೊಳ್ಳಲೇಬೇಡಿ.

ಆದರೆ ನಿಮ್ಮ ದೂರು ಬಸ್ಸಿನದ್ದು. ಆದ್ದರಿಂದ ನನ್ನ ಉತ್ತರ ನಾಯ್ಸ್ ಕ್ಯಾನ್ಸಲಿಂಗ್ ಇರುವ ಮುಚ್ಚಿದ ಹೆಡ್‌ಫೋನ್. ಬಜೆಟ್ ಸ್ವಲ್ಪ ಹಿಗ್ಗಿದರೆ, ಹಬ್ಬದ ರಿಯಾಯಿತಿಗೆ ಕಾದು, ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4. 2020ರ ಮಾದರಿ, 254 ಗ್ರಾಂ, ನಾಯ್ಸ್ ಕ್ಯಾನ್ಸಲಿಂಗ್ ಹಾಕಿಕೊಂಡೇ 30 ಗಂಟೆ, ಮುದುಡಿ ಚೀಲಕ್ಕೆ ಹಾಕಬಹುದು. ಅದರ ನಂತರ ಬಂದ ಎಕ್ಸ್‌ಎಂ5 ಹಾಗೆ ಮುದುಡುವುದಿಲ್ಲ, ಪ್ರಯಾಣಿಕರ ಮಟ್ಟಿಗೆ ಹಳೆಯದೇ ಮೇಲು. ಬಜೆಟ್ ಹಿಗ್ಗದಿದ್ದರೆ ಅದೇ ಕಂಪನಿಯ ಸಿಎಚ್720ಎನ್, ಬರೀ 192 ಗ್ರಾಂ, ಕನ್ನಡಕದ ಕಡ್ಡಿಯನ್ನು ತಲೆಗೆ ಒತ್ತುವುದಿಲ್ಲ. ಕೈಗೆ ಪ್ಲಾಸ್ಟಿಕ್ ಡಬ್ಬಿ ಹಿಡಿದಂತೆ ಅನ್ನಿಸುತ್ತದೆ, ಬೇಸರ ಪಡಬೇಡಿ. ಯಾವುದನ್ನೇ ಕೊಂಡರೂ ಅದರ ಆ್ಯಪಿನ ಈಕ್ವಲೈಸರ್‌ನಲ್ಲಿ (ಸ್ವರಗಳನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಬೇಸನ್ನು ಎರಡು ಮೆಟ್ಟಿಲು ಇಳಿಸಿ, ಎಂಜಿನ್ ಅಳಿದ ಮೇಲೆ ಅಷ್ಟು ಬೇಸ್ ಬೇಕಾಗುವುದಿಲ್ಲ. ಬ್ಲೂಟೂತ್ ಕೋಡೆಕ್, ಅಂದರೆ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ, ಯಾವುದು ಎಂಬ ಚರ್ಚೆಯಲ್ಲಿ ರಾತ್ರಿ ಕಳೆಯಬೇಡಿ, ಬಸ್ಸಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ವಾಲ್ಯೂಮಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ನನ್ನು ಮೀರಿಸಲು ನೀವು ಒತ್ತುವ ನಾಲ್ಕೈದು ಗುಂಡಿ ಎಲ್ಲಿಗೆ ಒಯ್ಯುತ್ತದೆ, ನೀವೇ ಗುಣಿಸಿ ನೋಡಿ.

ನೀವು ಕೇಳದ ಒಂದು ವಿಷಯ, ಕೊಡಗಿನವರಿಗೆ ಮಾತ್ರ ಅರ್ಥವಾಗುವುದು: ಮಳೆಗಾಲ. ನನ್ನ ಮೊದಲ ಒಳ್ಳೆಯ ಹೆಡ್‌ಫೋನನ್ನು ಒಂದು ಜೂನ್‌ನಲ್ಲಿ ಬೀರುವಿನಲ್ಲಿಟ್ಟು ಮರೆತೆ. ಆಗಸ್ಟ್‌ನಲ್ಲಿ ತೆಗೆದರೆ ಪಕ್ಕದಲ್ಲಿದ್ದ ಬೆಲ್ಟಿನ ಹಾಗೆ ಅದಕ್ಕೂ ಬಿಳಿಯ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿಕೊಂಡು ಕಚೇರಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಎದುರಿನವರು ಕಿವಿಯ ಹಿಂದೆ ಏನದು, ಇದ್ದಿಲೇ ಎಂದು ಕೇಳಿದರು. ಕೃತಕ ಚರ್ಮ ಕರಿಯ ಹೊಟ್ಟಿನಂತೆ ಸುಲಿದು ಕುತ್ತಿಗೆಗೆಲ್ಲ ಅಂಟಿಕೊಂಡಿತ್ತು. ಅಂದಿನಿಂದ ಪ್ಯಾಡ್ ಪ್ರತ್ಯೇಕವಾಗಿ ಸಿಗುತ್ತದೆಯೇ, ಕೈಯಿಂದಲೇ ಬಿಚ್ಚಿ ಹಾಕಬಹುದೇ ಎಂದು ನೋಡದೆ ನಾನು ಯಾವುದನ್ನೂ ಕೊಳ್ಳುವುದಿಲ್ಲ. ಪ್ಯಾಡ್ ಸುಲಿದರೆ ಮೇಲೆ ಹೇಳಿದ ಬಿರುಕು ಮತ್ತೆ ಹುಟ್ಟಿತು, ಬೇಸ್ ಮತ್ತೆ ಸೋರಿತು. ಈಗ ಬಿಗಿ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಬಣ್ಣ ತಿರುಗಿದಾಗ ಹರಳುಗಳನ್ನು ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಹುರಿದರೆ ಮತ್ತೆ ಮೊದಲಿನಂತಾಗುತ್ತವೆ. ಬಟ್ಟೆಗೆ ಮಾಡುವಂತೆ ಬೀರುವಿನಲ್ಲಿ ಬಲ್ಬು ಉರಿಸಿ ಅದರ ಪಕ್ಕ ಇಡಬೇಡಿ, ಒಲೆಯ ಮೇಲಿನ ಅಟ್ಟದಲ್ಲಂತೂ ಬೇಡವೇ ಬೇಡ, ಪ್ಯಾಡ್ ಬಿರುಸಾಗಿ ಒಡೆಯುತ್ತದೆ.

ಇನ್ನೊಂದು, ಬಸ್ಸಿಳಿದ ಕೂಡಲೇ ಹೆಡ್‌ಫೋನ್ ಕುತ್ತಿಗೆಗೆ ಬರಬೇಕು. ನಾನಿರುವುದು ಸಿದ್ದಾಪುರದ ಕಡೆ, ತೋಟಕ್ಕೆ ಆನೆ ಬಂದದ್ದು ಇಲ್ಲಿ ಸುದ್ದಿಯೇ ಅಲ್ಲ. ಹಲಸು ಹಣ್ಣಾಗುವ ಕಾಲ, ಬೆಳಗಿನ ಐದೂವರೆ, ನಾಯ್ಸ್ ಕ್ಯಾನ್ಸಲಿಂಗ್ ಹಾಕಿಕೊಂಡೇ ತೋಟದ ದಾರಿ ಹಿಡಿದಿದ್ದೆ. ತೋಟದ ಕಾರ್ಮಿಕರ ಲೈನ್ ಮನೆಯ ಜಗಲಿಯಲ್ಲಿ ನಿಂತು ಒಬ್ಬ ಅಜ್ಜಿ ಎರಡೂ ಕೈ ಬೀಸುತ್ತಿದ್ದರು. ಬಹಳ ದಿನದ ಮೇಲೆ ಕಂಡದ್ದಕ್ಕೆ ಸಂತೋಷ ಎಂದುಕೊಂಡು ನಾನೂ ಕೈ ಬೀಸಿದೆ. ಅವರು ತಲೆ ಚಚ್ಚಿಕೊಂಡರು. ಕಪ್ ಸರಿಸಿದಾಗ ಮೊದಲು ಕೇಳಿಸಿದ್ದು ‘ಆನೆ, ಆನೆ’, ಆಮೇಲೆ ಎಡಗಡೆ ಕಾಫಿ ಗಿಡಗಳ ನಡುವೆ ಕೊಂಬೆ ಮುರಿದ ಸದ್ದು. ಅವರ ಜಗಲಿ ಮುಟ್ಟಿದ್ದು ಹೇಗೆಂದು ನೆನಪಿಲ್ಲ. ಬಿಸಿನೀರು ಕೊಟ್ಟು, ಆ ಕಿವಿಯ ಬುಟ್ಟಿಯನ್ನು ತೆಗೆದು ಒಲೆಗೆ ಹಾಕು ಎಂದರು.

ಹೊಸದು ಬರುವ ತನಕ ಖರ್ಚಿಲ್ಲದ ಒಂದು ಉಪಾಯ ಮಾಡಿ. ಮಾಮೂಲಿ ಬಸ್ಸಿನಲ್ಲಿ ಎಂಜಿನ್ ಚಾಲಕನ ಪಕ್ಕ, ಮುಂದೆ. ವೋಲ್ವೊದಲ್ಲಿ ಹಿಂದೆ. ಸೀಟು ಕಾಯ್ದಿರಿಸುವಾಗ ಅದಕ್ಕೆ ತಕ್ಕಂತೆ ದೂರ ಸರಿಯಿರಿ, ಆದರೆ ಹಿಂದಿನ ಚಕ್ರದ ನೇರ ಮೇಲೆ ಬೇಡ. ಮತ್ತು ನಿಮ್ಮ ಕನ್ನಡಕದ ಕಡ್ಡಿ ದಪ್ಪವೋ ತೆಳುವೋ, ಅಂಗೈ ಪರೀಕ್ಷೆಯಲ್ಲಿ ಏನಾಯಿತು ಎಂದು ಇಲ್ಲೇ ಬರೆಯಿರಿ. ಒತ್ತಿದಾಗ ಬೇಸ್ ತುಂಬಿ ಬಂದರೆ ಈ ತಿಂಗಳು ಹೆಡ್‌ಫೋನ್ ಬೇಡ, ಕನ್ನಡಕದ ಅಂಗಡಿಗೆ ಹೋಗಿ ಎಂದು ಹೇಳುತ್ತೇನೆ.